ಹಿಂದಿನಿಂದ ಕೇಳುವ ಬಳೆ ಸದ್ದು

ಬೆಳಿಗ್ಗೆ ಮಂಚದಿಂದ ಎದ್ದು ಬಚ್ಚಲಿಗೆ ಹೋಗಲು ನನಗೆ 14 ಹೆಜ್ಜೆ ಬೇಕು. ಮೊದಲ ಐದಾರು ಹೆಜ್ಜೆ ಗೋಡೆ ಹಿಡಿದುಕೊಂಡೇ ಇಡುತ್ತೇನೆ. ಬಲಗಾಲಿನ ಹಿಮ್ಮಡಿ ಆ ಹೊತ್ತಿಗೆ ಮರದ ತುಂಡಿನ ಹಾಗಿರುತ್ತದೆ. ಹತ್ತನೇ ಹೆಜ್ಜೆಗೆ ಸ್ವಲ್ಪ ಸಡಿಲವಾಗುತ್ತದೆ. ಮುಖ ತೊಳೆದು, ಕಾಫಿ ಕುಡಿದು, ಶೂ ಲೇಸು ಕಟ್ಟುವ ಹೊತ್ತಿಗೆ ಅದು ಮತ್ತೆ ನನ್ನ ಕಾಲಾಗಿರುತ್ತದೆ. ಇನ್ನರ್ಧ ಗಂಟೆಗೆ ನಾನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುತ್ತಿರುತ್ತೇನೆ.

ನಿಮ್ಮಲ್ಲಿ ಕೆಲವರು ತಲೆ ಆಡಿಸುತ್ತಿರುವುದು ಕಾಣುತ್ತಿದೆ. ಗೋಡೆ ಹಿಡಿಯುವ ಕಥೆ ನಿಮಗೂ ಗೊತ್ತು, ಅಲ್ವಾ?

ಕೆರೆ ಏರಿಯ ಮೇಲೆ ನನಗೆ ಎದುರಾಗುವ ಪ್ರಶ್ನೆ ಒಂದೇ. "ಈ ವಯಸ್ಸಲ್ಲಿ ಸುಮ್ನೆ ವಾಕ್ ಮಾಡಿದ್ರೆ ಸಾಲದಾ ಅಮ್ಮ? ಕಾಂಪಿಟೇಷನ್ ಎಲ್ಲ ಯಾಕೆ ಬೇಕು?" ಪ್ರೀತಿಯಿಂದಲೇ ಕೇಳುತ್ತಾರೆ. ಓಡುತ್ತಾ ಓಡುತ್ತಾ ಉತ್ತರ ಕೊಡಲು ಆಗುವುದಿಲ್ಲ. ಇವತ್ತು ನಿಂತುಕೊಂಡು ಕೊಡುತ್ತೇನೆ. ಬರೀ ಆರೋಗ್ಯಕ್ಕಾಗಿ ಓಡುತ್ತಿದ್ದರೆ ನಾನು ಎಂದೋ ನಿಲ್ಲಿಸಿಬಿಟ್ಟಿರುತ್ತಿದ್ದೆ. ನನ್ನನ್ನು ಓಟದಲ್ಲಿ ಉಳಿಸಿದ್ದು ಸ್ಪರ್ಧೆ.

ಆರೋಗ್ಯಕ್ಕೆ ತಾರೀಖು ಇಲ್ಲ ನೋಡಿ. ಇವತ್ತು ತಪ್ಪಿದರೆ ನಾಳೆ ಆಯಿತು, ಮಳೆ ಬಂದರೆ ನಾಡಿದ್ದು ಆಯಿತು. ಕ್ರೀಡಾಕೂಟಕ್ಕೆ ಹಾಗಲ್ಲ. ಹೆಸರು ಕೊಟ್ಟ ಮೇಲೆ ಆ ದಿನ ಬಂದೇ ಬರುತ್ತದೆ. ಎದೆಯ ಮೇಲೆ ಚೆಸ್ಟ್ ನಂಬರ್ ಚುಚ್ಚಿಕೊಂಡು ಗೆರೆಯ ಮೇಲೆ ನಿಲ್ಲಲೇಬೇಕು. ಪಕ್ಕದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಆ ದಿನ ನೆನಪಾದರೆ ಸಾಕು, ಅಲಾರಂ ಹೊಡೆಯುವ ಮೊದಲೇ ನನಗೆ ಎಚ್ಚರವಾಗುತ್ತದೆ.

ನಾನು ಓಡಲು ಶುರು ಮಾಡಿದಾಗ ನನಗೆ 47. ಅಲ್ಲಿಯ ತನಕ ಆಫೀಸು, ಅಡುಗೆಮನೆ, ಮಕ್ಕಳು, ಅತ್ತೆಯವರ ಔಷಧಿ. ಮಗಳ ಕಾಲೇಜಿನ ಕ್ರೀಡಾಕೂಟಕ್ಕೆ ಹೋಗಿದ್ದೆ. ಪೋಷಕರಿಗೆ ಅಂತ ಒಂದು ಸಣ್ಣ ಓಟ ಇಟ್ಟಿದ್ದರು. ಚೂಡಿದಾರ್‌ನಲ್ಲಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದೆ. ಎರಡನೆಯವಳಾಗಿ ಬಂದೆ. ಮೊದಲು ಬಂದವರ ಬೆನ್ನು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನು ಹತ್ತು ಮೀಟರ್ ಇದ್ದಿದ್ದರೆ ಹಿಡಿಯುತ್ತಿದ್ದೆ ಅನ್ನಿಸಿತು. ಆ ಹತ್ತು ಮೀಟರನ್ನು 17 ವರ್ಷದಿಂದ ಹುಡುಕುತ್ತಲೇ ಇದ್ದೇನೆ.

ಹೊಸಬರಿಗಾಗಿ ಒಂದೆರಡು ಮಾತು. ಮಾಸ್ಟರ್ಸ್ ಅಥ್ಲೆಟಿಕ್ಸ್ ಅಂದರೆ 35 ವಯಸ್ಸಿನಿಂದ ಮೇಲಿನವರ ಕ್ರೀಡೆ. ಇದರ ಮೊದಲ ವಿಶ್ವ ಕೂಟ 1975ರಲ್ಲಿ ಕೆನಡಾದ ಟೊರೊಂಟೊದಲ್ಲಿ ನಡೆಯಿತು. ಇಲ್ಲಿ ಐದೈದು ವರ್ಷಕ್ಕೆ ಒಂದೊಂದು ಗುಂಪು. 60ರಿಂದ 64 ಒಂದು, 65ರಿಂದ 69 ಇನ್ನೊಂದು, ಹೀಗೆ ನೂರು ದಾಟಿದರೂ ಗುಂಪು ಇದೆ. ವಯಸ್ಸಾದಂತೆ ಸಾಮಾನು ಹಗುರವಾಗುತ್ತದೆ. ಹೆಂಗಸರ ಗುಂಡು ಎಸೆತದ ಗುಂಡು 50ಕ್ಕೆ 4 ಕೆಜಿಯಿಂದ 3 ಕೆಜಿಗೆ, 75ಕ್ಕೆ 2 ಕೆಜಿಗೆ ಇಳಿಯುತ್ತದೆ. ಅಡೆತಡೆ ಇಲ್ಲದ ಬರೀ ಓಟದ ದೂರ ಮಾತ್ರ ಹಗುರವಾಗುವುದಿಲ್ಲ. 5000 ಮೀಟರ್ ಅಂದರೆ ಯಾವ ವಯಸ್ಸಿಗೂ ಹನ್ನೆರಡೂವರೆ ಸುತ್ತೇ.

ಈ ಐದು ವರ್ಷದ ಲೆಕ್ಕ ಮನಸ್ಸಿಗೆ ಏನು ಮಾಡುತ್ತದೆ ಗೊತ್ತಾ? ಗುಂಪಿನಲ್ಲಿ ಐದನೇ ವರ್ಷ ಬಂದಾಗ ಎಲ್ಲರಿಗಿಂತ ಹಿರಿಯರು ನಾವು. ಹೊಸದಾಗಿ ಬಂದವರು ಸುಲಭವಾಗಿ ದಾಟಿಕೊಂಡು ಹೋಗುತ್ತಾರೆ. ಮರುವರ್ಷ ಮುಂದಿನ ಗುಂಪಿಗೆ ಹೋದ ಕೂಡಲೇ ನಾವೇ ಚಿಕ್ಕವರು. 60 ತುಂಬಿದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಸ್ವಲ್ಪ ಭಾವುಕರಾಗಿದ್ದರು. ನನಗೆ ಒಳಗೊಳಗೇ ಹಿಗ್ಗು. ಯಾರಿಗೂ ಹೇಳಿರಲಿಲ್ಲ, ಆಗಲೇ ಫಾರ್ಮ್ ತುಂಬಿಸಿ ಕಳಿಸಿದ್ದೆ.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ.

50ರಲ್ಲಿ ನಾನು 5000 ಮೀಟರನ್ನು 24 ನಿಮಿಷ 40 ಸೆಕೆಂಡಿನಲ್ಲಿ ಓಡಿದ್ದೆ. ಹೋದ ವರ್ಷ 29 ನಿಮಿಷ 5 ಸೆಕೆಂಡ್. ಸುಮಾರು ನಾಲ್ಕೂವರೆ ನಿಮಿಷ ಹೋಯಿತು. ಆ ನಾಲ್ಕೂವರೆ ನಿಮಿಷ ಇನ್ನು ವಾಪಸ್ ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಎದೆ ಎಷ್ಟು ಜೋರಾಗಿ ಬಡಿಯಬಲ್ಲದು ಅನ್ನುವ ಮಿತಿಯೇ ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಬಡಿತದಂತೆ ಇಳಿಯುತ್ತದೆ. ಉಸಿರಾಡಿದ ಗಾಳಿಯನ್ನು ಶಕ್ತಿ ಮಾಡಿಕೊಳ್ಳುವ ತಾಕತ್ತು, ಕೂತೇ ಇರುವವರಲ್ಲಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಕಡಿಮೆಯಾಗುತ್ತದೆ. ಗಟ್ಟಿಯಾಗಿ ಅಭ್ಯಾಸ ಮಾಡುತ್ತಾ ಬಂದವರಲ್ಲಿ ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಆದರೆ ಇಳಿಯುವುದಂತೂ ನಿಜ.

ಇದಕ್ಕೆ ನಮ್ಮ ಕ್ರೀಡೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಏಜ್ ಗ್ರೇಡಿಂಗ್ ಅಂತಾರೆ. ನಿಮ್ಮ ವಯಸ್ಸಿಗೆ ಜಗತ್ತಿನಲ್ಲಿ ಯಾರಾದರೂ ಅತ್ಯುತ್ತಮವಾಗಿ ಎಷ್ಟು ವೇಗ ಓಡಬಹುದು ಅನ್ನುವ ಪಟ್ಟಿ ಇರುತ್ತದೆ. ನೀವು ಓಡಿದ್ದು ಅದರಲ್ಲಿ ಶೇಕಡಾ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಮಗಳು ಒಂದು ರಾತ್ರಿ ನನ್ನ ಹಳೆಯ ಟೈಮಿಂಗ್‌ಗಳನ್ನೆಲ್ಲ ಕೂಡಿಸಿ ಲೆಕ್ಕ ಮಾಡಿ ತೋರಿಸಿದಳು. 50ರ ನಾನೂ 63ರ ನಾನೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದೆವು! ಗಡಿಯಾರ ಮಾತ್ರ ನೋಡಿಕೊಂಡು ಎಷ್ಟು ವರ್ಷ ಕೊರಗಿದ್ದೆ ಅನ್ನಿಸಿ ಅವತ್ತು ಅತ್ತೇಬಿಟ್ಟೆ. ನಿಮ್ಮ ಹಳೆಯ ಟೈಮಿಂಗ್ ಬರೆದಿಟ್ಟಿದ್ದರೆ ಎಸೆಯಬೇಡಿ. ಆದರೆ ಗೋಡೆಗೆ ಅಂಟಿಸಬೇಡಿ. ಬೀರುವಿನಲ್ಲಿ ಇರಲಿ.

ಇನ್ನು ಹಿಮ್ಮಡಿಯ ಕಥೆ. ನನಗೆ ಆಗ 58. ಗುಂಪಿನ ನಾಲ್ಕನೇ ವರ್ಷ, ಸೋಲುತ್ತಿದ್ದೆ. ಸೋಲು ತಡೆಯಲಾಗದೆ ಅಭ್ಯಾಸ ಜಾಸ್ತಿ ಮಾಡಿದೆ. ವಾರಕ್ಕೆ ಮೂರು ದಿನ ಜೋರು ಓಟ. ಜೊತೆಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದು, ಓಡಿಕೊಂಡೇ ಇಳಿಯುವುದು. ಹಿಮ್ಮಡಿಯ ಮೇಲೆ ದಪ್ಪ ಹಗ್ಗದ ಹಾಗೆ ಒಂದು ನರ ಸಿಗುತ್ತದಲ್ಲ, ಮಾಂಸಖಂಡವನ್ನು ಮೂಳೆಗೆ ಕಟ್ಟುವುದು, ಡಾಕ್ಟರು ಎಕಿಲಿಸ್ ಟೆಂಡನ್ ಅನ್ನುತ್ತಾರೆ, ಅದು ಬೆಳಿಗ್ಗೆ ಹೊತ್ತು ಬಿಗಿಯತೊಡಗಿತು. ಓಡಿದರೆ ಬಿಸಿಯಾಗಿ ಸರಿಹೋಗುತ್ತಿತ್ತು. ಸರಿಹೋಗುತ್ತಿದೆ ಅಂದುಕೊಂಡು ಎರಡು ತಿಂಗಳು ಓಡಿದೆ. ಒಂದು ಕೂಟದಲ್ಲಿ ಏಳನೇ ಸುತ್ತಿಗೆ ಕಾಲು ಊರಲು ಆಗಲಿಲ್ಲ. ಟ್ರ್ಯಾಕ್ ಬಿಟ್ಟು ಹುಲ್ಲಿನ ಮೇಲೆ ಕೂತುಬಿಟ್ಟೆ.

ಸ್ಪರ್ಧೆಯೇ ನನ್ನನ್ನು ಉಳಿಸಿತು ಅಂದೆನಲ್ಲ, ನನ್ನ ಕಾಲು ಕೆಡಿಸಿದ್ದೂ ಅದೇ. ಎರಡೂ ನಿಜ.

ಮೊದಲು ತೋರಿಸಿದ ಡಾಕ್ಟರು ಕಾಲು ಮುಟ್ಟಿ ನೋಡುವ ಮೊದಲೇ ವಯಸ್ಸು ಕೇಳಿದರು. "58ಕ್ಕೆ ಓಟ ಯಾಕೆ? ಬಿಟ್ಟುಬಿಡಿ" ಅಂದರು. ಬಿಟ್ಟೆ. ಐದು ತಿಂಗಳು ಪೂರ್ತಿ ವಿಶ್ರಾಂತಿ. ನೋವು ಹೋಯಿತಾ? ಇಲ್ಲ. ಒಂದು ಬೆಳಿಗ್ಗೆ ಬಸ್ಸಿಗೆ ಅಂತ ಹತ್ತು ಹೆಜ್ಜೆ ಓಡಿದೆ, ಅದೇ ನೋವು ಹಾಗೇ ಕೂತಿತ್ತು. ವಯಸ್ಸಾದ ನರ ಸುಮ್ಮನೆ ಇಟ್ಟರೆ ಇನ್ನೂ ಸೊರಗುತ್ತದೆ, ಅದಕ್ಕೆ ಕೆಲಸ ಕೊಡಬೇಕು ಅಂತ ನನಗೆ ಹೇಳಿದ್ದು ಆಮೇಲೆ ಸಿಕ್ಕಿದ ಒಬ್ಬ ಚಿಕ್ಕ ವಯಸ್ಸಿನ ಫಿಸಿಯೋ ಹುಡುಗಿ. ಮೊದಲ ದಿನವೇ ಅವಳು ನನಗೊಂದು ಕಥೆ ಹೇಳಿದಳು. ಅದನ್ನು ನಿಮಗೂ ಹೇಳಲೇಬೇಕು.

ಸ್ವೀಡನ್ ದೇಶದಲ್ಲಿ ಹೋಕನ್ ಆಲ್ಫ್ರೆಡ್‌ಸನ್ ಅಂತ ಒಬ್ಬ ಮೂಳೆ ಡಾಕ್ಟರ್. ಅವರೂ ಓಡುವವರು. ಅವರಿಗೂ ಇದೇ ನರದ ನೋವು. ಆಪರೇಷನ್ ಮಾಡಿ ಅಂತ ತಮ್ಮ ಮೇಲಿನವರನ್ನು ಕೇಳಿದರು. ಆಪರೇಷನ್ ಆದರೆ ಇವರು ವಾರಗಟ್ಟಲೆ ರಜೆ ಹಾಕಬೇಕಲ್ಲ, ಅವರು ಒಪ್ಪಲಿಲ್ಲ. ನರ ಹರಿದೇ ಹೋದರೆ ಆಪರೇಷನ್ ಮಾಡಲೇಬೇಕಾಗುತ್ತದೆ ಅಂತ ಯೋಚಿಸಿ, ನೋವಿದ್ದರೂ ಹಿಮ್ಮಡಿಗೆ ಭಾರ ಹಾಕಿ ವ್ಯಾಯಾಮ ಮಾಡತೊಡಗಿದರು. ಹರಿಯಲಿ ಅಂತಲೇ ಮಾಡಿದ್ದು! ನರ ಹರಿಯಲಿಲ್ಲ. ದಿನ ಕಳೆದಂತೆ ನೋವು ಕಡಿಮೆಯಾಯಿತು. ಆಮೇಲೆ ಅದೇ ವ್ಯಾಯಾಮವನ್ನು 15 ಜನ ಹವ್ಯಾಸಿ ಕ್ರೀಡಾಪಟುಗಳ ಮೇಲೆ ಪರೀಕ್ಷೆ ಮಾಡಿದರು. 12 ವಾರ ಆದ ಮೇಲೆ 15 ಜನರೂ ಮತ್ತೆ ಓಡಿದರು. 1998ರಲ್ಲಿ ಆ ವಿಷಯ ಪ್ರಕಟವಾಯಿತು. ಇವತ್ತು ಜಗತ್ತಿನಾದ್ಯಂತ ಫಿಸಿಯೋಗಳು ಅದನ್ನು ಮಾಡಿಸುತ್ತಾರೆ.

ವ್ಯಾಯಾಮ ನೋಡಲು ಸುಲಭ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಲ್ಲಬೇಕು. ಎರಡೂ ಕಾಲಲ್ಲಿ ಮೇಲೆ ಏರಬೇಕು. ನೋವಿರುವ ಒಂದೇ ಕಾಲಲ್ಲಿ ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸಬೇಕು. ಮಂಡಿ ನೇರ ಇಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ 15ರಂತೆ ಮೂರು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180. ಹನ್ನೆರಡು ವಾರ, ವಾರದ ಏಳೂ ದಿನ. ನಾನು ಹಿತ್ತಿಲ ಮೆಟ್ಟಿಲ ಮೇಲೆ ನಿಂತು, ಕುಕ್ಕರ್ ಕೂಗುವುದನ್ನು ಕೇಳಿಕೊಂಡು ಮಾಡುತ್ತಿದ್ದೆ. ನೋವು ಕಡಿಮೆಯಾದ ಮೇಲೆ ಭಾರ ಸೇರಿಸಬೇಕು ಅಂದಳು. ಮೊಮ್ಮಗನ ಹಳೆಯ ಸ್ಕೂಲ್ ಬ್ಯಾಗಿಗೆ 5 ಕೆಜಿ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಂಡೆ. ಒಂದು ಮಾತು, ಮನೆಗೆ ಹೋದ ತಕ್ಷಣ ಎಲ್ಲರೂ ಇದನ್ನು ಶುರು ಮಾಡಬೇಡಿ. ನೋವು ನರದ ಮಧ್ಯದಲ್ಲಿದ್ದರೆ ಒಂದು ಥರ, ನರ ಮೂಳೆಗೆ ಅಂಟುವ ಜಾಗದಲ್ಲಿದ್ದರೆ ಇನ್ನೊಂದು ಥರ. ಮೂಳೆಯ ಹತ್ತಿರದ ನೋವಿಗೆ ಅಷ್ಟು ಕೆಳಗೆ ಇಳಿಸಬಾರದು. ತಿಳಿದವರಿಗೆ ತೋರಿಸಿಯೇ ಮಾಡಿ.

ಅವಳು ಕಲಿಸಿದ ಇನ್ನೊಂದು ವಿಷಯ ನನಗೆ ಈಗಲೂ ದಿನವೂ ಬೇಕಾಗುತ್ತದೆ. ನೋವಿಗೆ ಸೊನ್ನೆಯಿಂದ ಹತ್ತರ ತನಕ ಅಂಕ ಕೊಡಬೇಕು. ವ್ಯಾಯಾಮ ಮಾಡುವಾಗ ಐದರ ತನಕ ಇದ್ದರೆ ಪರವಾಗಿಲ್ಲ, ಆದರೆ ಮಾರನೇ ದಿನ ಬೆಳಿಗ್ಗೆಗೆ ಅದು ಇಳಿದಿರಬೇಕು. ಇಳಿದಿಲ್ಲ ಅಂದರೆ ನಿನ್ನೆ ಮಾಡಿದ್ದು ಜಾಸ್ತಿ ಆಯಿತು ಅಂತ ಅರ್ಥ. ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇನೆ. ಅದರ ಪಕ್ಕದಲ್ಲೇ ಹಿಮ್ಮಡಿಯ ಅಂಕ ಬರೆಯತೊಡಗಿದೆ. ಅರ್ಧ ಲೀಟರ್, 6. ಅರ್ಧ ಲೀಟರ್, 6. ಒಂದು ಲೀಟರ್, 5. ದಿನ ದಿನ ನೋಡಿದರೆ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ತಿಂಗಳ ಹಾಳೆ ತಿರುಗಿಸಿದಾಗ ಕಾಣುತ್ತದೆ. ನಾಲ್ಕನೇ ತಿಂಗಳ ಹಾಳೆಯಲ್ಲಿ ಮೊದಲ ಸಲ 2 ಬರೆದೆ. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಇಲ್ಲಿ ಎಚ್ಚರದ ಮಾತು ಒಂದಿದೆ. ನಾನು ಹೇಳುತ್ತಿರುವುದು ಕಾಲಿನ ನರದ, ಮಾಂಸಖಂಡದ ನೋವಿನ ವಿಷಯ. ಎದೆ ನೋವು, ಎದೆ ಬಿಗಿತ, ತಲೆ ಸುತ್ತು, ಇವಕ್ಕೆ ಅಂಕ ಕೊಟ್ಟುಕೊಂಡು ಕೂರುವ ಹಾಗಿಲ್ಲ. ಅಲ್ಲೇ ನಿಲ್ಲಿಸಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಮಂಡಿ ಸವೆಯುತ್ತದೆ ಅಂತ ಹೆದರಿಸುವವರೂ ಜಾಸ್ತಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1984ರಲ್ಲಿ 50 ದಾಟಿದ ಐನೂರಕ್ಕೂ ಹೆಚ್ಚು ಓಟಗಾರರನ್ನು ಗುರುತಿಸಿ, ಓಡದವರ ಜೊತೆ ಹೋಲಿಸುತ್ತಾ ಇಪ್ಪತ್ತು ವರ್ಷಕ್ಕೂ ಮೇಲೆ ಗಮನಿಸಿದರು. ದಿನನಿತ್ಯದ ಕೆಲಸಕ್ಕೆ ಕೈಕಾಲು ಬರದ ಸ್ಥಿತಿ ಓಟಗಾರರಿಗೆ ಎಷ್ಟೋ ವರ್ಷ ತಡವಾಗಿ ಬಂತು. ಅವರ ಮಂಡಿಯೂ ಓಡದವರ ಮಂಡಿಗಿಂತ ಜಾಸ್ತಿ ಸವೆದಿರಲಿಲ್ಲ. ಆಗಲೇ ಸವೆದ ಮಂಡಿ ಇರುವವರ ವಿಷಯ ಬೇರೆ. ಅವರು ಕೇಳಿಕೊಂಡೇ ಓಡಬೇಕು.

ಕಾಲಿಗಿಂತ ಮನಸ್ಸು ಸರಿಹೋಗುವುದು ಕಷ್ಟವಾಯಿತು. ಓಟದಿಂದ ದೂರ ಉಳಿದ ಆ ಹದಿನಾಲ್ಕು ತಿಂಗಳು ನಾನು ಒಳ್ಳೆಯವಳಾಗಿರಲಿಲ್ಲ. ಜೊತೆಯವರು ಓಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಕೆರೆಯ ಕಡೆ ಹೋಗುವುದನ್ನೇ ಬಿಟ್ಟೆ. ನಮ್ಮ ಮನೆಯವರು ಶೂಗಳನ್ನು ಒರೆಸಿ ಮೇಲಿನ ಅಟ್ಟಕ್ಕೆ ಹಾಕಿದರು, ಕಣ್ಣಿಗೆ ಬೀಳದಿರಲಿ ಅಂತ. ನಾನು ಬೇಡ ಅನ್ನಲಿಲ್ಲ.

ಆಗ ಹಾಸನದಿಂದ ಒಂದು ಫೋನ್ ಬಂತು.

ಈ ಅಕ್ಕನ ಬಗ್ಗೆ ಹೇಳಬೇಕು. ಹೆಸರು ಹೇಳಿದರೆ ಬೈಯುತ್ತಾರೆ, ಅದಕ್ಕೇ ಹೇಳುವುದಿಲ್ಲ. ನನಗಿಂತ 10 ವರ್ಷ ದೊಡ್ಡವರು. ಅವರ ಗುಂಪೇ ಬೇರೆ, ಪದಕವೇ ಬೇರೆ. ಆದರೆ 5000 ಮೀಟರಿಗೆ ಜನ ಕಡಿಮೆ ಇರುವುದರಿಂದ ನಮ್ಮ ಕೂಟಗಳಲ್ಲಿ ಹಿರಿಯ ಹೆಂಗಸರನ್ನೆಲ್ಲ ಒಟ್ಟಿಗೇ ಓಡಿಸುತ್ತಾರೆ. ಅವರು ಗಾಜಿನ ಬಳೆ ತೆಗೆಯುವುದಿಲ್ಲ. ಅವರಿಗಿಂತ ಮುಂದಿದ್ದರೆ ಹಿಂದಿನಿಂದ ಬಳೆಯ ಸದ್ದು ಕೇಳುತ್ತಿರುತ್ತದೆ. ಸದ್ದು ಹತ್ತಿರವಾದರೆ ಅಕ್ಕ ಬಂದರು ಅಂತ ಗೊತ್ತಾಗುತ್ತದೆ, ಕಾಲು ತಾನಾಗಿಯೇ ಬೇಗ ಬೀಳುತ್ತದೆ. ಎಂಟು ವರ್ಷದಲ್ಲಿ ಎರಡು ಸಲ ಆ ಸದ್ದು ನನ್ನನ್ನು ದಾಟಿ ಮುಂದೆ ಹೋಗಿದೆ. ನನಗಿಂತ ಹತ್ತು ವರ್ಷ ದೊಡ್ಡವರು, ನೋಡಿ!

ಫೋನ್ ಮಾಡಿ ಕಾಲು ಹೇಗಿದೆ ಅಂತ ಕೇಳಿದರು. "ಆಯ್ತು ಅಕ್ಕ, ಇನ್ನು ಬಿಟ್ಟೆ" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಗುಂಪಲ್ಲಿ ಈ ಸಲ ನಾನೊಬ್ಬಳೇ ಕಣಮ್ಮ. ನೀನೂ ಬರದಿದ್ರೆ ನಾನು ಯಾರ ಹಿಂದೆ ಓಡ್ಲಿ?" ಅಂದರು.

ಇಷ್ಟು ವರ್ಷ ಓಡಿದರೂ ನನಗೆ ಹೊಳೆಯದ ವಿಷಯ ಅದು. ನಾನು ಅವರಿಂದ ಓಡಿಸಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ಅವರೂ ನನ್ನ ಬೆನ್ನು ನೋಡಿಕೊಂಡೇ ಓಡುತ್ತಿದ್ದರು. 25 ವಯಸ್ಸಿನವರಿಗೆ ಎದುರಾಳಿಗಳ ಬರ ಇಲ್ಲ. ಒಬ್ಬರು ಬಿಟ್ಟರೆ ಹತ್ತು ಜನ ಬರುತ್ತಾರೆ. ನಮ್ಮ ವಯಸ್ಸಿನಲ್ಲಿ ಹಾಗಿಲ್ಲ. ಗುಂಪಿನಲ್ಲಿ ಮೂವರು ಇರುತ್ತಾರೆ. ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರ ಗಂಡನಿಗೆ ಹುಷಾರಿಲ್ಲ, ಉಳಿದವರು ಒಬ್ಬರೇ. ಪಂಜಾಬಿನ ಮಾನ್ ಕೌರ್ ಅಜ್ಜಿ ಓಡಲು ಶುರು ಮಾಡಿದ್ದು 93ರಲ್ಲಿ. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 101ನೇ ವಯಸ್ಸಿಗೆ 100 ಮೀಟರನ್ನು ಸುಮಾರು 74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಅವರ ಗುಂಪಿನಲ್ಲಿ ಅವರೊಬ್ಬರೇ ಇದ್ದರು. ಆ ಚಿತ್ರ ನೋಡಿದಾಗ ಎಲ್ಲರಿಗೂ ಕಣ್ಣು ತುಂಬುತ್ತದೆ. ನನಗೆ ಆ ಅಜ್ಜಿಯ ಪಕ್ಕದ ಖಾಲಿ ಲೇನ್‌ಗಳೂ ಕಾಣುತ್ತವೆ.

ಆ ಫೋನ್ ಬಂದ ಸಂಜೆಯೇ ಅಟ್ಟದಿಂದ ಶೂ ಇಳಿಸಿದೆ. ಓಡಲು ಆಗುತ್ತಿರಲಿಲ್ಲ, ಆದರೂ ಆ ಸಲದ ಕೂಟಕ್ಕೆ ಹೋದೆ. ಸುತ್ತು ಎಣಿಸುವ ಕೆಲಸಕ್ಕೆ ಕೂತೆ. ಅಕ್ಕ ಪ್ರತಿ ಸುತ್ತಿಗೂ ನನ್ನ ಮುಂದೆ ಬಂದಾಗ ಎಷ್ಟು ಉಳಿದಿದೆ ಅಂತ ಕೂಗಿ ಹೇಳಿದೆ. ಅಭ್ಯಾಸಕ್ಕೆ ವಾಪಸ್ ಬಂದಿದ್ದು ಅಲ್ಲಿಂದ. ಮೊದಲು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮತ್ತೆ ಗೆರೆಯ ಮೇಲೆ ನಿಲ್ಲುವ ಹೊತ್ತಿಗೆ 60 ತುಂಬಿತ್ತು.

ನಾನು ತುಂಬಾ ನೆನಪಿಸಿಕೊಳ್ಳುವ ಓಟಗಾರ ಒಬ್ಬರಿದ್ದಾರೆ. ಎಡ್ ವಿಟ್‌ಲಾಕ್ ಅಂತ. ಲಂಡನ್ನಿನಲ್ಲಿ 1931ರಲ್ಲಿ ಹುಟ್ಟಿದವರು, ಎಂಜಿನಿಯರ್ ಆಗಿ ಕೆನಡಾಕ್ಕೆ ಹೋಗಿ ನೆಲೆಸಿದವರು. 70 ದಾಟಿದ ಮೇಲೆ ಮ್ಯಾರಥಾನನ್ನು, ಅಂದರೆ 42 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ದೂರವನ್ನು, ಮೂರು ಗಂಟೆಯ ಒಳಗೆ ಓಡಿದ ಮೊದಲ ಮನುಷ್ಯ. 73ರಲ್ಲಿ 2 ಗಂಟೆ 54 ನಿಮಿಷ 48 ಸೆಕೆಂಡ್! ಅಭ್ಯಾಸ ಮಾಡುತ್ತಿದ್ದುದು ಮನೆಯ ಹತ್ತಿರದ ಒಂದು ಸ್ಮಶಾನದಲ್ಲಿ. ಅಲ್ಲೇ ಸುತ್ತು ಹಾಕುತ್ತಾ ಒಂದೊಂದು ದಿನ ಮೂರು ಗಂಟೆ. ಈ ಅಭ್ಯಾಸ ತನಗೇನೂ ಖುಷಿ ಕೊಡುವುದಿಲ್ಲ, ರೇಸ್ ಓಡುವುದು, ದಾಖಲೆ ಮಾಡುವುದು ಖುಷಿ ಅಂತ ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಅದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು! ದಿನಾ ಬೆಳಿಗ್ಗೆ ಹುಮ್ಮಸ್ಸು ಉಕ್ಕಿ ಬರಬೇಕು, ಬರದಿದ್ದರೆ ನನ್ನಲ್ಲೇ ಏನೋ ಕೊರತೆ ಅಂತ ನಾನು ಅಂದುಕೊಂಡಿದ್ದೆ. ವಿಟ್‌ಲಾಕ್ ಅವರಿಗೂ ಮಂಡಿ ನೋವು ಬಂತು, ತಿಂಗಳುಗಟ್ಟಲೆ ಕೂರಬೇಕಾಯಿತು. ಮತ್ತೆ ಬಂದರು. 2016ರಲ್ಲಿ 85ನೇ ವಯಸ್ಸಿಗೆ ಟೊರೊಂಟೊ ಮ್ಯಾರಥಾನನ್ನು 3 ಗಂಟೆ 56 ನಿಮಿಷ 34 ಸೆಕೆಂಡಿನಲ್ಲಿ ಮುಗಿಸಿದರು. ಮರುವರ್ಷ ಮಾರ್ಚಿನಲ್ಲಿ ತೀರಿಕೊಂಡರು.

ಹೆಣ್ಣುಮಕ್ಕಳಿಗೆ ಇನ್ನೊಂದು ಹೆಸರು ಕೊಡುತ್ತೇನೆ, ಜಪಾನಿನ ಮರಿಕೊ ಯುಗೆಟಾ. ನಾಲ್ಕು ಮಕ್ಕಳ ತಾಯಿ, ಶಾಲೆಯಲ್ಲಿ ಟೀಚರ್. ಮೂರು ಗಂಟೆಯ ಒಳಗೆ ಅವರು ಮೊದಲ ಸಲ ಮ್ಯಾರಥಾನ್ ಓಡಿದ್ದೇ 50 ದಾಟಿದ ಮೇಲೆ. 2021ರಲ್ಲಿ 62ನೇ ವಯಸ್ಸಿಗೆ ಒಸಾಕಾದಲ್ಲಿ 2 ಗಂಟೆ 52 ನಿಮಿಷ 13 ಸೆಕೆಂಡಿನಲ್ಲಿ ಓಡಿದರು. ಮನೆ ಜವಾಬ್ದಾರಿಯಲ್ಲಿ ನಮ್ಮ ಒಳ್ಳೆಯ ವರ್ಷಗಳೆಲ್ಲ ಹೋದವು ಅಂತ ಕೊರಗುವವರು ಇವರನ್ನು ನೆನೆಸಿಕೊಳ್ಳಿ.

ಈಗ ನಾನು ಹೇಗೆ ಓಡುತ್ತೇನೆ ಅಂತ ಕೆಲವರು ಮೊದಲೇ ಕೇಳಿದ್ದರು. ವಾರಕ್ಕೆ ನಾಲ್ಕೇ ದಿನ. ಜೋರು ಓಟ ಒಂದೇ ದಿನ, ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ. ಅದಾದ ಮೇಲೆ ಎರಡು ದಿನ ಮೆಲ್ಲಗೆ. ಬೆಟ್ಟಕ್ಕೆ ಈಗಲೂ ಹೋಗುತ್ತೇನೆ. ಮೆಟ್ಟಿಲು ಹತ್ತುತ್ತೇನೆ, ತಾಯಿಗೆ ಕೈ ಮುಗಿದು ಬಸ್ಸಿನಲ್ಲಿ ಇಳಿಯುತ್ತೇನೆ. ಹತ್ತುವುದರಿಂದ ಕಾಲಿಗೆ ಬಲ ಬರುತ್ತದೆ, ಇಳಿಯುವಾಗಲೇ ಮಂಡಿಗೂ ತೊಡೆಗೂ ಪೆಟ್ಟು. ಹಿತ್ತಿಲ ಮೆಟ್ಟಿಲಿನ ವ್ಯಾಯಾಮ ಬಿಟ್ಟಿಲ್ಲ, ಅಕ್ಕಿಯ ಬ್ಯಾಗು ಹಾಗೇ ಇದೆ. ಕ್ಯಾಲೆಂಡರಿನಲ್ಲಿ ಇವತ್ತು ಬೆಳಿಗ್ಗೆ ಬರೆದ ಅಂಕ 3. ಸೊನ್ನೆ ಆಗುವ ತನಕ ಕಾಯುತ್ತಿದ್ದರೆ ನಾನು ಇವತ್ತಿಗೂ ಓಡುತ್ತಿರಲಿಲ್ಲ.

ಮುಂದಿನ ತಿಂಗಳು ನನಗೆ 65 ತುಂಬುತ್ತದೆ, ಹೊಸ ಗುಂಪು. ಫಾರ್ಮ್ ತುಂಬಿಸಿದ್ದಾಯಿತು. ಹಾಸನದ ಅಕ್ಕನೂ ತುಂಬಿಸಿದ್ದಾರೆ. ಅವರದು ಈ ಸಲ 75ರ ಗುಂಪು. ಮೊನ್ನೆ ವಿಚಾರಿಸಿದೆ, 5000 ಮೀಟರಿಗೆ ಆ ಗುಂಪಿನಲ್ಲಿ ಇಲ್ಲಿಯ ತನಕ ಅವರದೊಂದೇ ಹೆಸರು. ನಿಮ್ಮಲ್ಲಿ 75 ದಾಟಿದ ಹೆಣ್ಣುಮಕ್ಕಳು ಇದ್ದರೆ, ನಿಮ್ಮ ತಾಯಿಯೋ ಅತ್ತೆಯೋ ಇದ್ದರೆ, ನಡೆದುಕೊಂಡು ಹನ್ನೆರಡೂವರೆ ಸುತ್ತು ಮುಗಿಸಿದರೂ ಆಯಿತು, ಈಗಲೇ ನನ್ನ ಹತ್ತಿರ ಬಂದು ಮಾತಾಡಿ. ಬ್ಯಾಗಿನಲ್ಲಿ ಎರಡು ಫಾರ್ಮ್ ಇಟ್ಟುಕೊಂಡು ಬಂದಿದ್ದೇನೆ.